ಆರು ವಾರದ ರಸ್ತೆ

ಎಂಬತ್ಮೂರರ ಶ್ರಾವಣದಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಪಕ್ಕದ ರಸ್ತೆಯನ್ನು ಮುಚ್ಚಿದರು. ಮುಚ್ಚಿದರು ಅಂದರೆ ಅಗೆಯಲಿಲ್ಲ. ಎರಡೂ ತುದಿಗೆ ಸುಣ್ಣ ಬಳಿದ ಡಾಂಬರು ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿ, ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಬಿಟ್ಟರು. ಒಳಗೆ ಎಂಟು ಸಿಮೆಂಟ್ ಬೆಂಚು, ಹನ್ನೆರಡು ಹೂವಿನ ಕುಂಡ ಬಂದವು. ತಗಡಿನ ಬೋರ್ಡಿನಲ್ಲಿ ಹೀಗೆ ಬರೆದಿತ್ತು: 'ಪ್ರಾಯೋಗಿಕವಾಗಿ ಆರು ವಾರ ನಡೆಯುವವರಿಗೆ ಮಾತ್ರ. ವಾಹನಗಳಿಗೆ ಪ್ರವೇಶವಿಲ್ಲ.'

ಡ್ರಮ್ಮುಗಳನ್ನು ಉರುಳಿಸಿ ತಂದವರಲ್ಲಿ ಸಂಜೀವಯ್ಯನೂ ಒಬ್ಬ. ಹನ್ನೊಂದು ವರ್ಷದಿಂದ ರಸ್ತೆ ಗ್ಯಾಂಗಿನಲ್ಲಿ ದಿನಗೂಲಿ. ಆ ರಸ್ತೆಯಲ್ಲೇ ಅವನ ಮಗ ಚಲುವರಾಜುವಿನ ಆಟೋ ಸ್ಟ್ಯಾಂಡ್ ಇತ್ತು. ಅದೇ ರಸ್ತೆಯ ಬೇವಿನ ಮರದ ಬುಡದಲ್ಲಿ ಹೆಂಡತಿ ಪಾರ್ವತಮ್ಮ ಹೂವು ಮಾರುತ್ತಿದ್ದಳು. ಯಡಿಯೂರು ಕೆರೆಯ ಹಿಂದಿನ ಎರಡು ಕೋಣೆಯ ಮನೆಯಿಂದ ಮೂವರೂ ಬೆಳಿಗ್ಗೆ ಬೇರೆ ಬೇರೆ ಹೊತ್ತಿಗೆ ಹೊರಟು ಒಂದೇ ಜಾಗಕ್ಕೆ ಬಂದು ಸೇರುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ಇಬ್ಬರು: ಸಂಜೀವಯ್ಯನ ತಾಯಿ ಮುನಿಯಕ್ಕ, ಮತ್ತು ಚಲುವರಾಜುವಿನ ಹೆಂಡತಿ ವಾರಿಜಾ. ವಾರಿಜಾ ಇಟ್ಟಮಡುವಿನ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಮದುವೆಯಾಗಿ ಎಂಟು ತಿಂಗಳಾಗಿತ್ತು.

ಮೊದಲನೆಯ ಸೋಮವಾರ ಸಂಜೆ ಮುದ್ದೆ, ಹುರುಳಿಕಾಳಿನ ಸಾರು. ಚಲುವರಾಜು ತಟ್ಟೆಯ ಮುಂದೆ ಕೂತ, ಕೈ ಹಾಕಲಿಲ್ಲ.

"ನಿನಗೆ ಬೇರೆ ರಸ್ತೆ ಸಿಕ್ಕಲಿಲ್ವಾ ಅಪ್ಪ? ಬೆಂಗಳೂರಲ್ಲಿ ಇದೊಂದೇ ಇತ್ತಾ ಮುಚ್ಚೋಕೆ?"

"ನಾನೇನು ನಕ್ಷೆ ಬರೆದ್ನಾ? ಡ್ರಮ್ ಉರುಳಿಸು ಅಂದ್ರು, ಉರುಳಿಸ್ದೆ."

"ನಮ್ಮನ್ನ ಬಸ್ ಸ್ಟ್ಯಾಂಡ್ ಆಚೆ ನಿಂತ್ಕೊಳಿ ಅಂದಿದಾರೆ. ಅಲ್ಲಿ ಇಪ್ಪತ್ತೆರಡು ಗಾಡಿ ಕ್ಯೂ. ನನ್ನ ಸರದಿ ಬರೋ ಹೊತ್ತಿಗೆ ಹೊತ್ತು ಮುಳುಗುತ್ತೆ."

"ಆರು ವಾರ ತಾನೆ," ಅಂದಳು ಪಾರ್ವತಮ್ಮ, ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಡುತ್ತಾ.

"ನಿನಗೇನು, ನಿನ್ನ ವ್ಯಾಪಾರ ಚೆನ್ನಾಗಿ ಆಗುತ್ತೆ."

"ಆದ್ರೆ ಆಗ್ಲಿ ಬಿಡು. ಇಷ್ಟು ದಿನ ನಿನ್ನ ಆಟೋದ ಹೊಗೆ ಕುಡ್ಕೊಂಡು ಕನಕಾಂಬರ ಬಾಡ್ತಿತ್ತಲ್ಲ, ಆವಾಗ ನಾನೇನಾದ್ರೂ ಅಂದ್ನಾ?"

ಮುನಿಯಕ್ಕನಿಗೆ ಕಿವಿ ಸ್ವಲ್ಪ ಮಂದ. "ಯಾವ ರಸ್ತೆ?" ಅಂತ ಕೇಳಿದಳು. ವಾರಿಜಾ ಹತ್ತಿರ ಬಂದು ಹೇಳಿದಳು.

"ಓ ಅದಾ. ಅಲ್ಲಿ ನಾನು ಅವರೆಕಾಯಿ ಕಿತ್ತಿದೀನಿ. ಆಗ ಮುಚ್ಚೋಕೆ ಏನೂ ಇರ್ಲಿಲ್ಲ," ಎಂದು ಮುದ್ದೆ ಮುರಿದಳು.

*

ಎರಡನೆಯ ದಿನ ಎಂಜಿನಿಯರ್ ಸೇತುರಾಮ ಬಂದ. ಮೂವತ್ತು ದಾಟಿರಲಿಲ್ಲ, ಬಸವನಗುಡಿಯ ಮನೆಯಿಂದ ಸೈಕಲ್ಲಿನಲ್ಲೇ ಬರುತ್ತಿದ್ದ. ರಸ್ತೆ ಮುಚ್ಚುವ ಯೋಚನೆ ಅವನದು, ಮೇಲಿನವರಿಂದ ಹೇಗೋ ಒಪ್ಪಿಗೆ ಪಡೆದಿದ್ದ. ಮುಚ್ಚುವ ಮುಂಚಿನ ವಾರ ಇಬ್ಬರು ಕಾಲೇಜು ಹುಡುಗರನ್ನು ಕೂರಿಸಿ, ಸಂಜೆ ನಾಲ್ಕರಿಂದ ಎಂಟರವರೆಗೆ ಈಗ ಸಂಜೀವಯ್ಯ ಕಾಯುತ್ತಿದ್ದ ತುದಿಯಿಂದ ಎಷ್ಟು ಜನ ನಡೆದು ಒಳಗೆ ಬರುತ್ತಾರೆ ಎಂದು ಗೀಟು ಹಾಕಿಸಿದ್ದ. ದಿನಕ್ಕೆ ಸುಮಾರು ಸಾವಿರದ ಒಂಬೈನೂರು ಆಗಿತ್ತು. ಈಗ ಆ ಹುಡುಗರಿಗೆ ಪರೀಕ್ಷೆ.

"ಸಂಜೀವಯ್ಯ, ಹೆಂಗೂ ಇಲ್ಲೇ ನಿಂತಿರ್ತೀಯ. ನಾಲ್ಕರಿಂದ ಎಂಟರವರೆಗೆ ಈ ಡ್ರಮ್ ದಾಟಿ ಒಳಗೆ ಬರೋರು ಎಷ್ಟು ಜನ ಅಂತ ದಿನಾ ನನಗೆ ಬೇಕು. ಆಗುತ್ತಾ?"

"ಆಗುತ್ತೆ ಸಾರ್."

"ಬರೆಯೋಕೆ ಬರುತ್ತಾ?"

"ಸೊಸೆ ಬರೀತಾಳೆ ಸಾರ್."

"ಸೊಸೆ ಇಲ್ಲಿಗೆ ಬರ್ತಾಳಾ?"

"ಇಲ್ಲ ಸಾರ್. ನಾನು ಎಣಿಸ್ಕೊಂಡು ಹೋಗ್ತೀನಿ. ಅವಳು ಬರೀತಾಳೆ."

ಸೇತುರಾಮ ಕರಿಬಸವಯ್ಯನ ಮುಖ ನೋಡಿದ. ಕರಿಬಸವಯ್ಯ ಇನ್ನೊಂದು ತುದಿ ಕಾಯುವವನು, ಗ್ಯಾಂಗಿನಲ್ಲೇ ಹಳಬ. "ಕೊಡಿ ಸಾರ್ ಅವನಿಗೆ. ಜಲ್ಲಿ ಬಾಂಡ್ಲಿ ಎಣಿಸೋದ್ರಲ್ಲಿ ಅವನನ್ನ ಮೀರಿಸೋರಿಲ್ಲ. ಒಂದು ಬಾಂಡ್ಲಿಗೆ ಒಂದು ಕಲ್ಲು ಮಡಿಲಿಗೆ ಹಾಕ್ಕೊತಾನೆ. ಗುಮಾಸ್ತನ ಪುಸ್ತಕ ತಪ್ಪಿದೆ, ಇವನ ಕಲ್ಲು ತಪ್ಪಿಲ್ಲ," ಅಂದ.

"ಸರಿ. ನೋಡು ಸಂಜೀವಯ್ಯ, ಈ ಕೆಲಸ ಒಂದು ತಪ್ಪಿಲ್ಲದೆ ಆಗ್ಲಿ. ಈ ವರ್ಷ ಗ್ಯಾಂಗಿನಿಂದ ಒಬ್ಬರನ್ನ ಪರ್ಮನೆಂಟ್ ಮಾಡ್ತಾರೆ. ನಿನ್ನ ಹೆಸರು ನಾನೇ ಬರೆದು ಕಳಿಸ್ತೀನಿ."

ಸಂಜೀವಯ್ಯನಿಗೆ ಆಗ ನಲವತ್ತೆಂಟು. ಐವತ್ತಾದರೆ ಆ ಲಿಸ್ಟಿಗೆ ಸೇರಿಸುವುದಿಲ್ಲ. ಈ ಮಾತನ್ನು ಅವನು ಮನೆಯಲ್ಲಿ ಮೂರು ಸಲ ಹೇಳಿದ. ನಾಲ್ಕನೆಯ ಸಲ ಪಾರ್ವತಮ್ಮ, "ಗೊತ್ತಾಯ್ತು, ಊಟ ಮಾಡು," ಅಂದಳು.

ಜನಕ್ಕೆ ಕಲ್ಲು ಸರಿಹೋಗುವುದಿಲ್ಲ, ಜೇಬು ಭಾರವಾಗುತ್ತದೆ ಎಂದು ಅವನು ಹುಣಸೆ ಬೀಜ ತೆಗೆದುಕೊಂಡ. ಮುನಿಯಕ್ಕ ಬಿಡಿಸಿಟ್ಟ ಬೀಜ ಮನೆಯಲ್ಲಿ ಒಂದು ಚೀಲ ಇತ್ತು. ಖಾಕಿ ಚಡ್ಡಿಯ ಜೇಬಿನಿಂದ ಒಂದೊಂದೇ ಬೀಜ ತೆಗೆದು ಡಾಲ್ಡಾ ಡಬ್ಬಕ್ಕೆ ಹಾಕುವುದು. ಬೆಳಿಗ್ಗೆ ಬಾಗಿಲು ಸಾರಿಸಿ ರಂಗೋಲಿ ಹಾಕಿದ ಮೇಲೆ ವಾರಿಜಾ ಡಬ್ಬವನ್ನು ಚಾಪೆಯ ಮೇಲೆ ಸುರಿದು, ಹತ್ತು ಹತ್ತರ ಗುಡ್ಡೆ ಮಾಡಿ, ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದಳು. ಸಾವಿರದ ಇನ್ನೂರ ಎಂಬತ್ತು. ಸಾವಿರದ ಮುನ್ನೂರ ಹನ್ನೆರಡು. ಸಾವಿರದ ಇನ್ನೂರ ನಲವತ್ತೇಳು.

"ಮಾವ, ಡಬ್ಬದ ತಳದಲ್ಲಿ ಒಂದು ಒಡೆದದ್ದಿದೆ. ಅರ್ಧ ಮನುಷ್ಯ ಅಂತ ಬರೀಲಾ?"

"ಮಗು ಇರ್ಬೇಕು. ಒಂದು ಅಂತಲೇ ಬರಿ."

*

ರಸ್ತೆಯ ಬಗ್ಗೆ ಎಲ್ಲರೂ ಮಾತಾಡಿದರು. ಸೀರೆ ಅಂಗಡಿಯ ಏಕಾಂತಯ್ಯ ವರ್ತಕರ ಸಂಘದ ಅಧ್ಯಕ್ಷ. ದಿನಾ ಸಂಜೆ ಡ್ರಮ್ಮಿನ ಹತ್ತಿರ ಬಂದು ನಿಂತು ಸಂಜೀವಯ್ಯನಿಗೇ ಹೇಳುತ್ತಿದ್ದ, ಅವನೇ ಮುಚ್ಚಿದ ಹಾಗೆ. "ಕಾರಿನವರು ಬಾಗಿಲಿಗೆ ಬರ್ತಿದ್ರು ಕಣಯ್ಯ. ಈಗ ಫರ್ಲಾಂಗ್ ನಡೆದು ಬಂದು ರೇಷ್ಮೆ ಸೀರೆ ತಗೊಳ್ತಾರಾ? ಬೆಂಚ್ ಮೇಲೆ ಕೂತು ಕಡ್ಲೆಕಾಯಿ ತಿಂದು ಹೋಗ್ತಾರೆ." ರಿಟೈರಾದ ಹೆಡ್‌ಮಿಸ್ ಸರಸ್ವತಿ ಮೇಡಂ ಮಾತ್ರ ಮೊಮ್ಮಗುವಿನ ಕೈ ಹಿಡಿಯದೆ ನಡೆಸುತ್ತಾ, "ನಲವತ್ತು ವರ್ಷದಲ್ಲಿ ಮೊದಲನೇ ಸಲ ಬೆಂಗಳೂರಲ್ಲಿ ರಸ್ತೆ ಮಧ್ಯೆ ನಿಂತು ಮಾತಾಡ್ತಿದೀನಿ," ಅಂತ ಸಿಕ್ಕಿದವರಿಗೆಲ್ಲ ಹೇಳಿದರು. ಮಹಡಿ ಮನೆಯವರೊಬ್ಬರು ತಮ್ಮ ಫಿಯೆಟ್ ಹೊರಗೆ ತೆಗೆಯಲಾಗದೆ ಪತ್ರಿಕೆಗೆ ಕಾಗದ ಬರೆದರು. ಹುಡುಗಿಯರು ಶಟಲ್ ಬ್ಯಾಟ್ ತಂದರು. ಕಾಕ್ ಒಂದು ಸಲ ಏಕಾಂತಯ್ಯನ ಬೋರ್ಡಿನ ಮೇಲೆ ಹೋಗಿ ಕೂತಿತು. ಅದನ್ನು ಇಳಿಸಿಕೊಡುವುದಕ್ಕೆ ಅವನು ಒಪ್ಪಲಿಲ್ಲ.

ಪಾರ್ವತಮ್ಮ ಮೂರನೆಯ ದಿನಕ್ಕೆ ಬೇವಿನ ಮರ ಬಿಟ್ಟು ರಸ್ತೆಯ ನಡುವೆ ಬೆಂಚಿನ ಪಕ್ಕ ಬುಟ್ಟಿ ಇಟ್ಟಳು. ಮೊದಲೆಲ್ಲಾ ಬೆಳಿಗ್ಗೆ ಮಾರ್ಕೆಟ್ಟಿನಿಂದ ತಂದ ಹೂವಿನಲ್ಲಿ ಸಂಜೆಗೆ ಒಂದಷ್ಟು ಉಳಿಯುತ್ತಿತ್ತು, ಮನೆಯಲ್ಲಿ ವಾರಿಜಾ, ಮುನಿಯಕ್ಕ ಇಬ್ಬರೂ ಮುಡಿಯುತ್ತಿದ್ದರು. ಈಗ ಏಳು ಗಂಟೆಗೆ ಬುಟ್ಟಿ ಖಾಲಿ. ಮುನಿಯಕ್ಕ, "ಈ ಮನೇಲಿ ಹೂ ಮಾರೋಳು ಇದಾಳೆ, ಮುಡಿಯೋಕೆ ಹೂ ಇಲ್ಲ," ಎಂದು ಗೊಣಗಿದಳು.

ಎರಡನೆಯ ವಾರದ ಗುರುವಾರ ಚಲುವರಾಜು ಆಟೋವನ್ನು ನೇರ ಡ್ರಮ್ಮಿನ ಮುಂದೆ ತಂದು ನಿಲ್ಲಿಸಿ ಹಾರ್ನ್ ಹೊಡೆದ. ಹಿಂದೆ ಒಬ್ಬರು ಗಿರಾಕಿ ಕೂತಿದ್ದರು.

"ಅಪ್ಪ, ಆ ಡ್ರಮ್ ಸ್ವಲ್ಪ ಸರಿಸು. ಸಾಹೇಬ್ರಿಗೆ ಬ್ಯಾಂಕ್ ಹತ್ರ ಇಳೀಬೇಕು."

"ಇಲ್ಲೇ ಇಳಿಸು. ನಡ್ಕೊಂಡು ಹೋಗ್ಲಿ."

"ನಿನ್ನ ಮಗ ಕೇಳ್ತಿದಾನೆ."

"ಅದಕ್ಕೇ ಹೇಳ್ತಿರೋದು. ನಿನಗೆ ಬಿಟ್ಟು ಇನ್ನೊಬ್ಬನಿಗೆ ಏನು ಹೇಳ್ಲಿ?"

ಬಸ್ ಸ್ಟ್ಯಾಂಡ್ ಕಡೆಯಿಂದ ಬಂದ ನಾಲ್ಕೈದು ಆಟೋದವರು ದೂರ ನಿಂತು ನೋಡುತ್ತಿದ್ದರು. ಒಬ್ಬ, "ಗುರು, ನಿಮ್ಮಪ್ಪಂಗೆ ಸ್ಟಾರ್ ಕೊಟ್ಟಿದಾರಾ?" ಎಂದು ಕೂಗಿದ. ಚಲುವರಾಜು ಆಟೋದಿಂದ ಇಳಿದು ತಾನೇ ಡ್ರಮ್ಮಿಗೆ ಕೈ ಹಾಕಿದ. ಸಂಜೀವಯ್ಯ ಹೋಗಿ ಡ್ರಮ್ಮಿನ ಮೇಲೆ ಕೂತುಬಿಟ್ಟ. ಅಪ್ಪನ ಸಮೇತ ಡ್ರಮ್ಮು ಸರಿಸುವುದು ಆಗುವಂಥದಲ್ಲ. ಗಿರಾಕಿ ಇಳಿದು ನಡೆದರು. ಅವರು ಒಳಗೆ ದಾಟುವಾಗ ಸಂಜೀವಯ್ಯ ಕೂತಲ್ಲಿಂದಲೇ ಡಬ್ಬಕ್ಕೆ ಒಂದು ಬೀಜ ಹಾಕಿದ.

ಆವತ್ತಿನಿಂದ ಚಲುವರಾಜು ಅಪ್ಪ ಎದ್ದ ಮೇಲೆ ಊಟಕ್ಕೆ ಕೂರತೊಡಗಿದ. ವಾರಿಜಾ ಎರಡು ಸಲ ಮುದ್ದೆ ಬಿಸಿ ಮಾಡಬೇಕಾಯಿತು.

"ಬಿಸಿ ಮಾಡಿದ ಮುದ್ದೆ ಕಲ್ಲಾಗುತ್ತೆ. ಜೊತೇಲಿ ಕೂತ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು ಗಂಡನಿಗೆ.

"ಪರ್ಮನೆಂಟ್ ಆದ ಮೇಲೆ ಅವರು ದೊಡ್ಡ ಮನುಷ್ಯರು. ನಾವು ಜೊತೇಲಿ ಕೂರೋಕಾಗುತ್ತಾ?"

"ಆಗ್ಲಿ, ಕಲ್ಲೇ ತಿನ್ನಿ."

*

ನಾಲ್ಕನೆಯ ವಾರ ಸೇತುರಾಮ ನೋಟ್ ಪುಸ್ತಕ ತೆರೆದು ಬೆಂಚಿನ ಮೇಲೆ ಬಹಳ ಹೊತ್ತು ಕೂತ.

"ಇದೇನು ಸಂಜೀವಯ್ಯ? ಗಾಡಿ ಓಡಾಡ್ತಿದ್ದಾಗ ಸಾವಿರದ ಒಂಬೈನೂರು ಜನ ನಡೀತಿದ್ರು. ಗಾಡಿ ನಿಲ್ಲಿಸಿದ ಮೇಲೆ ಸಾವಿರದ ಮುನ್ನೂರಾ? ಕಣ್ಣಿಗೆ ನೋಡಿದ್ರೆ ಜಾಸ್ತಿ ಕಾಣ್ತಾರಲ್ಲ."

"ನಾನು ಹಾಕಿದ್ದು ಅಷ್ಟೇ ಸಾರ್."

"ಮಧ್ಯೆ ಕಾಫಿಗೆ ಗೀಫಿಗೆ ಹೋಗ್ತೀಯಾ?"

"ಒಂದಕ್ಕೂ ಹೋಗಲ್ಲ ಸಾರ್. ನಾಲ್ಕು ಗಂಟೆಗೆ ನಿಂತ್ರೆ ಎಂಟಕ್ಕೇ. ಒಂದು ತಪ್ಪಿದ್ರೆ ನನ್ನ ಹೆಸರು ತೆಗೆದುಹಾಕಿ."

ಸೇತುರಾಮ ಪುಸ್ತಕ ಮುಚ್ಚಿದ. ಸಂಜೀವಯ್ಯ ಸುಳ್ಳು ಹೇಳುವವನಲ್ಲ ಎಂಬುದು ಅವನಿಗೂ ಗೊತ್ತಿತ್ತು. ಏಕಾಂತಯ್ಯನಿಗೆ ಈ ಸಂಖ್ಯೆಗಳು ಹೇಗೋ ತಿಳಿದವು. ಅವತ್ತು ಸಂಜೆ ಅವನು ಸಂಜೀವಯ್ಯನಿಗೆ ತನ್ನ ಅಂಗಡಿಯಿಂದ ಕಾಫಿ ಕಳಿಸಿದ.

ಗೌರಿ ಹಬ್ಬದ ಹಿಂದಿನ ದಿನ ರಸ್ತೆ ತುಂಬಿ ಹೋಗಿತ್ತು. ಬಾಳೆಕಂದು, ಗಣಪತಿ, ಮೊರದ ಬಾಗಿನ, ಎಲ್ಲ ರಸ್ತೆಯ ಮೇಲೇ. ಮಧ್ಯಾಹ್ನದ ಊಟಕ್ಕೂ ಹೋಗಲು ಆಗಿಲ್ಲ ಅಂತ ಸಂಜೀವಯ್ಯ ಕರಿಬಸವಯ್ಯನ ಕೈಲಿ ಹೇಳಿಕಳಿಸಿದ್ದರಿಂದ, ವಾರಿಜಾ ಐದು ಗಂಟೆಗೆ ಟಿಫನ್ ಕ್ಯಾರಿಯರ್ ಹಿಡಿದು ಬಂದಳು. ಅತ್ತೆಗೆ ಒಂದು ಡಬ್ಬ ಕೊಟ್ಟು ಬಂದು, ಮಾವ ನಿಂತೇ ಉಣ್ಣುವವರೆಗೆ ಪಕ್ಕದಲ್ಲಿ ನಿಂತಳು. ಎಡಗೈಲಿ ಊಟದ ಡಬ್ಬ, ಬಲಗೈಲಿ ತುತ್ತು ಹಿಡಿದು ಬೀಜ ಹಾಕಲು ಆಗುವುದಿಲ್ಲವಲ್ಲ, "ನಾನು ಹಾಕ್ತೀನಿ ಬೀಜ, ನೀವು ಹೇಳಿ," ಅಂದಳು.

ರೇಷ್ಮೆ ಸೀರೆಯ ಹೆಂಗಸು, ಕೈಯಲ್ಲಿ ಇಬ್ಬರು ಮಕ್ಕಳು. "ಮೂರು," ಅಂದ ಸಂಜೀವಯ್ಯ. ಬ್ಯಾಂಕಿನ ಗುಮಾಸ್ತ. "ಒಂದು." ಕಾಲೇಜು ಹುಡುಗಿಯರು. "ನಾಲ್ಕು." ಅಕ್ಕಿ ಮೂಟೆ ಹೊತ್ತ ಕೂಲಿಯವನು ದಾಟಿ ಹೋದ. ಸಂಜೀವಯ್ಯ ಏನೂ ಹೇಳಲಿಲ್ಲ. ಕೈಚೀಲ ಹಿಡಿದ ಮನೆಗೆಲಸದ ಹೆಂಗಸರು ಮೂವರು ಹೋದರು. ಏನೂ ಹೇಳಲಿಲ್ಲ. ಪೊರಕೆ ಹಿಡಿದ ಕೆಂಪಕ್ಕ, "ಏನ್ ಸಂಜೀವಣ್ಣ, ಸೊಸೆ ಕೈಲಿ ಊಟಾನಾ," ಎಂದು ನಕ್ಕು ಹೋದಳು. ಅದಕ್ಕೂ ಏನೂ ಹೇಳಲಿಲ್ಲ.

"ಮಾವ, ಕೆಂಪಕ್ಕಂಗೆ?"

"ಏನು ಕೆಂಪಕ್ಕಂಗೆ?"

"ಬೀಜ."

"ಅವಳಿಗ್ಯಾಕೆ? ಅವಳು ಕೆಲಸಕ್ಕೆ ಬಂದೋಳು."

ವಾರಿಜಾ ಡಬ್ಬ ನೋಡಿದಳು. "ಆ ಮೂಟೆಯೋನಿಗೆ?"

"ಅವನೂ ಅಷ್ಟೆ."

"ನಾನು ಈಗ ದಾಟಿ ಬಂದ್ನಲ್ಲ, ನನಗೆ?"

"ನೀನು ಊಟ ತಂದೋಳು." ಸಂಜೀವಯ್ಯ ಅವಳನ್ನು ಸ್ವಲ್ಪ ಆಶ್ಚರ್ಯದಿಂದಲೇ ನೋಡಿದ. "ಇದು ಹೇಳಿಕೊಡೋ ವಿಷಯಾನಾ? ರೋಡ್ ಓಪನಿಂಗ್ ಫಂಕ್ಷನ್ ಅಂದ್ರೆ ಕುರ್ಚಿ ಎಣಿಸೋಕೆ ನನಗೇ ಹೇಳ್ತಾರೆ. ಬಂದೋರಿಗೆ ಎಣಿಸ್ತೀವಿ. ಗ್ಯಾಂಗಿನೋರಿಗೆ ಕುರ್ಚಿ ಎಣಿಸ್ತೀವಾ?"

"ಮಾವ, ಆ ಕಾಲೇಜು ಹುಡುಗ್ರು ಎಲ್ಲರಿಗೂ ಗೀಟು ಹಾಕಿದ್ರಂತೆ, ಅತ್ತೆ ಹೇಳಿದ್ರು."

ಸಂಜೀವಯ್ಯ ತುತ್ತನ್ನು ಕ್ಯಾರಿಯರಿಗೇ ವಾಪಸ್ ಇಟ್ಟ.

"ಅದಕ್ಕೇ ಆರುನೂರು ಕಮ್ಮಿ," ಅಂದಳು ವಾರಿಜಾ. ಆಗ ಇನ್ನಿಬ್ಬರು ಕೂಲಿಯವರು ಬಾಳೆಗೊನೆ ಹೊತ್ತು ದಾಟಿದರು. ಅವಳ ಕೈ ಡಬ್ಬದ ಮೇಲೆ ಹಾಗೇ ಇತ್ತು.

*

ಹಬ್ಬದ ದಿನ ಒಬ್ಬಟ್ಟು ಮಾಡಿದ್ದರು. ಚಲುವರಾಜು ಕೂಡ ಎಲ್ಲರ ಜೊತೆ ಕೂತಿದ್ದ. ಹಬ್ಬದ ದಿನ ಬೇರೆ ಕೂತರೆ ಮುನಿಯಕ್ಕ ಬಿಡುತ್ತಿರಲಿಲ್ಲ. ವಿಷಯ ಎತ್ತಿದವಳು ವಾರಿಜಾ.

ಚಲುವರಾಜು ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಲೆಕ್ಕ ಹಾಕಿದ. "ಅಪ್ಪ, ಬಾಯಿ ಬಿಡಬೇಡ. ಇನ್ನು ಒಂದು ವಾರ. ಜನ ಕಮ್ಮಿ ಅಂತ ಬರೀತಾರೆ, ರಸ್ತೆ ಬಿಡ್ತಾರೆ, ನನ್ನ ಸ್ಟ್ಯಾಂಡು ನನಗೆ. ನಿನ್ನದು ತಪ್ಪಿಲ್ಲದ ಕೆಲಸ ಅಂತ ಪರ್ಮನೆಂಟು. ಇಬ್ಬರಿಗೂ ಆಯ್ತು."

"ತಪ್ಪಿದೆಯಲ್ಲ," ಅಂದ ಸಂಜೀವಯ್ಯ.

"ಯಾರಿಗೆ ಗೊತ್ತು?"

"ನನಗೆ ಗೊತ್ತಾಯ್ತಲ್ಲೋ."

"ಹಂಗಾದ್ರೆ ಹೋಗಿ ಹೇಳು. ಒಂದು ತಪ್ಪಿದ್ರೆ ಹೆಸರು ತೆಗೀರಿ ಅಂತ ನೀನೇ ಅಂದಿದೀಯ. ದಿನಕ್ಕೆ ಆರುನೂರು ತಪ್ಪು. ಆರು ವಾರಕ್ಕೆ ಎಷ್ಟು, ವಾರಿಜಾ? ನಿನಗೆ ಬರುತ್ತಲ್ಲ ಗುಣಾಕಾರ."

ಪಾರ್ವತಮ್ಮ ಒಬ್ಬಟ್ಟಿನ ಮೇಲೆ ತುಪ್ಪ ಹಾಕುತ್ತಿದ್ದಳು. ಸಂಜೀವಯ್ಯನ ಎಲೆಯ ಹತ್ತಿರ ಬಂದು ಚಮಚ ನಿಲ್ಲಿಸಿದಳು.

"ನಾನು ದಿನಾ ಆ ಡ್ರಮ್ ಸಂದೀಲೇ ಒಳಗೆ ಬರ್ತೀನಿ. ನಾಲ್ಕು ಗಂಟೆಗೆ ನೀರು ತರೋಕೆ ಹೋಗಿ ಬರ್ತೀನಿ. ನನಗೆ ಎಷ್ಟು ಸಲ ಹಾಕಿದೀಯ?"

ಸಂಜೀವಯ್ಯ ಎಲೆ ನೋಡಿದ.

"ಒಂದು ಸಲ?"

"ನೀನು ಮನೆಯೋಳು. ಮನೆಯೋಳನ್ನ ಯಾರಾದ್ರೂ—"

"ಏಕಾಂತಯ್ಯನ ಹೆಂಡತಿ ಮನೆಯೋಳಲ್ವಾ? ಅವಳಿಗೆ ಹಾಕಿದೀಯ?"

"ಅವರು ವಾಕಿಂಗ್ ಬರ್ತಾರೆ."

"ಹೂಂ," ಅಂದಳು ಪಾರ್ವತಮ್ಮ. ತುಪ್ಪದ ಚಮಚ ಮುಂದಿನ ಎಲೆಗೆ ಹೋಯಿತು.

"ಏನಂತೆ?" ಎಂದು ಮುನಿಯಕ್ಕ ಕೇಳಿದಳು. ವಾರಿಜಾ ಅವಳ ಕಿವಿಗೆ ಹೇಳಿದಳು. ಮುದುಕಿ ಒಬ್ಬಟ್ಟು ಅಗಿಯುತ್ತಾ ಯೋಚನೆ ಮಾಡಿ, "ಜನಗಣತಿಯೋನು ಬಂದಾಗ ನನ್ನ ಬರ್ಕೊಂಡಿದ್ನಪ್ಪ," ಅಂದಳು.

*

ಮಾರನೆಯ ಸೋಮವಾರ ಸಂಜೀವಯ್ಯ ವಾರ್ಡ್ ಆಫೀಸಿಗೆ ಹೋದ. ಸೇತುರಾಮನ ಕೋಣೆಯ ಹೊರಗೆ ಒಂದು ಗಂಟೆ ನಿಂತ. ಒಳಗೆ ಟೈಪ್ ಹೊಡೆಯುವ ಸದ್ದು. ಸೇತುರಾಮ ಫೈಲು ಹಿಡಿದು ಹೊರಬಂದವನು, "ಏನು ಸಂಜೀವಯ್ಯ? ನಿನ್ನ ಹೆಸರು ಕಳಿಸಿದೀನಿ. ರಿಪೋರ್ಟ್ ಕೂಡ ಹೋಯ್ತು. ಏನಾದ್ರೂ ಇತ್ತಾ?" ಅಂದ.

"ಇಲ್ಲ ಸಾರ್. ಹಂಗೇ ಬಂದೆ."

ಮನೆಗೆ ಬಂದ ಮೇಲೆ, "ಹೇಳ್ದ್ಯಾ?" ಎಂದು ಪಾರ್ವತಮ್ಮ ಕೇಳಿದಾಗ ಅವನು ನೀರು ಕುಡಿಯುತ್ತಿದ್ದ. ಕುಡಿಯುತ್ತಲೇ ಇದ್ದ.

ಆರನೆಯ ವಾರದ ಭಾನುವಾರ ಬೆಳಿಗ್ಗೆ ಶಾಲೆಯೊಂದರ ಸಭಾಂಗಣದಲ್ಲಿ ಸಭೆ ಕರೆದರು. ಅಂಗಡಿಯವರು ಮುಂದಿನ ಸಾಲು, ಮನೆಗಳವರು ಅವರ ಹಿಂದೆ, ಆಟೋದವರು ಕಿಟಕಿಯ ಹತ್ತಿರ. ಬಾಗಿಲಿನ ಪಕ್ಕ ಗೋಡೆಗೆ ಒರಗಿ ಗ್ಯಾಂಗಿನವರು. ಪಾರ್ವತಮ್ಮ ಖಾಲಿ ಬುಟ್ಟಿಯ ಜೊತೆ ಬಂದು ಕೊನೆಯಲ್ಲಿ ನೆಲದ ಮೇಲೆ ಕೂತಳು.

ಸೇತುರಾಮ ಸಂಖ್ಯೆ ಓದಿದ. ಓದುವಾಗ ಅವನ ದನಿ ಸಣ್ಣದಾಗಿತ್ತು. ಏಕಾಂತಯ್ಯ ಎದ್ದ. "ಗಾಡಿ ಇದ್ದಾಗಲೇ ಜನ ಜಾಸ್ತಿ ನಡೀತಿದ್ರು ಅಂತ ಇವರ ಲೆಕ್ಕಾನೇ ಹೇಳುತ್ತೆ. ಇನ್ನೇನು ಮಾತು? ದಸರಾ ವ್ಯಾಪಾರಕ್ಕೆ ಮುಂಚೆ ರಸ್ತೆ ಬಿಡಿ." ಮುಂದಿನ ಸಾಲು ಚಪ್ಪಾಳೆ ತಟ್ಟಿತು, ಕಿಟಕಿಯ ಹತ್ತಿರದವರೂ ತಟ್ಟಿದರು. ಸರಸ್ವತಿ ಮೇಡಂ, "ನಾನು ದಿನಾ ನೋಡ್ತಿದ್ದೆ, ಈ ಲೆಕ್ಕ ನಂಬೋಕಾಗಲ್ಲ," ಅಂದರು. "ನೀವು ಎಣಿಸಿದ್ರಾ ಮೇಡಂ?" ಎಂದು ಯಾರೋ ಕೇಳಿದರು.

"ಸಾರ್," ಅಂದಳು ಪಾರ್ವತಮ್ಮ ಕೂತಲ್ಲಿಂದಲೇ. ಯಾರಿಗೂ ಕೇಳಲಿಲ್ಲ. ಎದ್ದು ನಿಂತು ಇನ್ನೊಂದು ಸಲ ಅಂದಳು.

"ಏನಮ್ಮ?"

"ಎಣಿಸಿದೋನು ನನ್ನ ಗಂಡ. ಅವನು ಸರಿಯಾಗೇ ಎಣಿಸಿದಾನೆ. ಆದ್ರೆ ನಮ್ಮನ್ನ ಬಿಟ್ಟು ಎಣಿಸಿದಾನೆ. ಮೂಟೆಯೋರು, ಮನೆಗೆಲಸದೋರು, ಕಸ ಗುಡಿಸೋರು, ಹೂವಿನೋರು. ದಿನಕ್ಕೆ ಆರುನೂರು ಜನ ಆಗ್ತೀವಿ."

ಸೇತುರಾಮ ಬಾಗಿಲಿನ ಕಡೆ ತಿರುಗಿದ. "ಹೌದಾ ಸಂಜೀವಯ್ಯ?"

ಸಂಜೀವಯ್ಯ ಗೋಡೆ ಬಿಟ್ಟು ನೆಟ್ಟಗೆ ನಿಂತ. ಕಿಟಕಿಯ ಹತ್ತಿರ ಚಲುವರಾಜು ತಲೆ ಅಲ್ಲಾಡಿಸುತ್ತಿದ್ದ, ಬೇಡ ಬೇಡ ಎಂದು.

"ಹೌದು ಸಾರ್. ಅವರಿಗೆ ಹಾಕಿಲ್ಲ."

"ಯಾಕೆ?"

"ಹಾಕ್ಬೇಕು ಅಂತ ಗೊತ್ತಾಗ್ಲಿಲ್ಲ ಸಾರ್."

ಸೇತುರಾಮ ಫೈಲು ತೆರೆದು, "ಹಾಗಾದ್ರೆ ಎರಡು ಲೆಕ್ಕ ಹೋಲಿಸೋ ಹಾಗೇ ಇಲ್ಲ, ಇನ್ನೊಂದು ವಾರ ಮತ್ತೆ ಎಣಿಸಬೇಕು—" ಎಂದು ಶುರು ಮಾಡಿದ. ಏಕಾಂತಯ್ಯ ಕೈ ಎತ್ತಿದ. ಸಿಟ್ಟಿರಲಿಲ್ಲ, ನಗುತ್ತಲೇ ಇದ್ದ.

"ಸಾರ್, ಸಾರ್. ಇವನು ಮಾಡಿದ್ದೇ ಸರಿ. ಆ ಹುಡುಗರು ಮಾಡಿದ್ದೇ ತಪ್ಪು. ಈ ಜನ ಗಾಡಿ ಇದ್ರೂ ನಡೀತಾರೆ, ಇಲ್ಲದಿದ್ರೂ ನಡೀತಾರೆ. ಹೆಂಗಿದ್ರೂ ನಡೆಯೋರಿಗೆ ರಸ್ತೆ ಯಾಕೆ ಮುಚ್ಚಬೇಕು?"

ಮನೆಗಳವರ ಸಾಲಿನಿಂದಲೂ "ಅದು ನ್ಯಾಯ" ಎಂದು ಒಬ್ಬರು ಅಂದರು. ಫಿಯೆಟ್‌ನವರು ಜೋರಾಗಿ ತಲೆದೂಗಿದರು. ಸರಸ್ವತಿ ಮೇಡಂ ಏನೋ ಹೇಳಲು ಎದ್ದರು. ಅಷ್ಟು ಹೊತ್ತಿಗೆ ಕುರ್ಚಿಗಳು ಸರಿಯುತ್ತಿದ್ದವು. ಏಕಾಂತಯ್ಯ ಬಾಗಿಲು ದಾಟುವಾಗ ಸಂಜೀವಯ್ಯನ ಭುಜ ತಟ್ಟಿ, "ಬುದ್ಧಿವಂತ ಕಣಯ್ಯ ನೀನು," ಅಂದು ಹೋದ.

ಹೊರಗೆ ಚಲುವರಾಜು ಆಟೋ ಸ್ಟಾರ್ಟ್ ಮಾಡಿ ನಿಂತಿದ್ದ. ಗೆದ್ದವನ ಮುಖ ಇರಲಿಲ್ಲ. "ಅವ್ವಾ, ಹತ್ತು. ಮನೆಗೆ ಬಿಡ್ತೀನಿ."

"ಬೇಡ," ಅಂದಳು ಪಾರ್ವತಮ್ಮ, ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು. "ನಾನು ಹೆಂಗಿದ್ರೂ ನಡೆಯೋಳು."

*

ಮಂಗಳವಾರ ಡ್ರಮ್ಮು ತೆಗೆದರು. ತೆಗೆದವರಲ್ಲೂ ಸಂಜೀವಯ್ಯ ಇದ್ದ. ಬೆಂಚುಗಳನ್ನು ಲಾರಿ ಬಂದು ಒಯ್ದಿತು. ಕುಂಡಗಳಲ್ಲಿ ಐದು ಸಿಕ್ಕಿದವು. ಬೇವಿನ ಮರದ ಬುಡದಲ್ಲಿ ಈಗ ಸ್ಕೂಟರುಗಳು ನಿಲ್ಲತೊಡಗಿದ್ದರಿಂದ ಪಾರ್ವತಮ್ಮ ಕಾಂಪ್ಲೆಕ್ಸಿನ ಹಿಂದಿನ ಮೆಟ್ಟಿಲ ಹತ್ತಿರ ಹೋದಳು. ಅಲ್ಲಿ ವ್ಯಾಪಾರ ನಿಧಾನ. ಮನೆಯಲ್ಲಿ ಮತ್ತೆ ಹೂವು ಉಳಿಯಿತು.

ಪಾರ್ವತಮ್ಮ ಗಂಡನ ಜೊತೆ ಮಾತು ಬಿಟ್ಟಿರಲಿಲ್ಲ. "ಸೀಮೆಎಣ್ಣೆ ತಗೊಂಡು ಬಾ," "ತಗಡು ಸೋರ್ತಿದೆ," ಎಲ್ಲ ಹೇಳುತ್ತಿದ್ದಳು. ತಟ್ಟೆ ಹಾಕಿ ಬಡಿಸುತ್ತಿದ್ದಳು. "ಬಾ, ಉಣ್ಣು," ಅಂತ ಮಾತ್ರ ಕರೆಯುತ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನು ಕರೆಸಿಕೊಳ್ಳದೆ ಉಂಡಿರಲಿಲ್ಲ. ಎರಡು ದಿನ ತಟ್ಟೆಯಲ್ಲಿ ಸಾರು ಆರುವವರೆಗೆ ಹೊಸ್ತಿಲಲ್ಲೇ ಕೂತಿದ್ದ. ಮೂರನೆಯ ದಿನ ವಾರಿಜಾ ಕರೆದಳು.

ತಿಂಗಳು ಕಳೆದು ಫಾರಂ ಬಂತು. ಸೇತುರಾಮ ಕಳಿಸಿದ ಹೆಸರು ಹಾಗೇ ಮೇಲೆ ಹೋಗಿತ್ತು, ಯಾರೂ ತೆಗೆದಿರಲಿಲ್ಲ. 'ಲೆಕ್ಕದಲ್ಲಿ ನಂಬಿಕಸ್ಥ' ಎಂದು ಅವನು ಬರೆದಿದ್ದನಂತೆ. ಸಭೆಯ ನಂತರ ಅದನ್ನು ತಿದ್ದುವ ಮನಸ್ಸು ಅವನಿಗೆ ಬಂದಿರಲಿಲ್ಲವೋ, ಪುರುಸೊತ್ತಾಗಿರಲಿಲ್ಲವೋ. ಫಾರಮ್ಮಿನಲ್ಲಿ ಕುಟುಂಬದವರ ವಿವರ ಬರೆದು, ಹೆಂಡತಿಯ ಹೆಬ್ಬೆಟ್ಟು ಹಾಕಿಸಿ, ಶುಕ್ರವಾರ ಐದು ಗಂಟೆಯೊಳಗೆ ಕೊಡಬೇಕು. ತಪ್ಪಿದರೆ ಮುಂದಿನ ಹೆಸರಿನವನಿಗೆ.

ವಾರಿಜಾ ಬರೆದು ಕೊಟ್ಟಳು. ಮಂಗಳವಾರ ಅವನು ಫಾರಂ ಮುಂದಿಟ್ಟಾಗ ಪಾರ್ವತಮ್ಮ, "ಕೈಗೆ ಹಿಟ್ಟಾಗಿದೆ," ಅಂದಳು. ಬುಧವಾರ, "ನಾಳೆ ನೋಡಣ." ಗುರುವಾರ ಮಾರ್ಕೆಟ್ಟಿನಿಂದ ಬಂದವಳೇ ಮಲಗಿದಳು.

"ಅವ್ವಾ, ಹಾಕಿಬಿಡು," ಅಂದ ಚಲುವರಾಜು.

"ನಿನ್ನ ಸ್ಟ್ಯಾಂಡ್ ಬಂತಲ್ಲ, ಸುಮ್ನಿರು."

ಶುಕ್ರವಾರ ನಾಲ್ಕೂವರೆಗೆ ಸಂಜೀವಯ್ಯ ಫಾರಮ್ಮು, ಆಫೀಸಿನಿಂದ ಬೇಡಿ ತಂದ ಇಂಕ್ ಪ್ಯಾಡು ಹಿಡಿದು ಮೆಟ್ಟಿಲ ಹತ್ತಿರ ಬಂದ. ಪಾರ್ವತಮ್ಮ ಸೇವಂತಿಗೆ ಕಟ್ಟುತ್ತಿದ್ದಳು. ಇಬ್ಬರು ಗಿರಾಕಿಗಳಿದ್ದರು. ಅವನು ಅವರ ಹಿಂದೆ ನಿಂತ. ಅವರು ಹೋದರು.

"ಹೆಬ್ಬೆಟ್ಟು ಹಾಕು. ಆಫೀಸಿಗೆ ಹತ್ತು ನಿಮಿಷ ಬೇಕು."

"ಈ ಕುಚ್ಚು ಮುಗೀಲಿ."

ಅವನು ನಿಂತ. ಅವಳ ಬೆರಳು ಬಾಳೆನಾರಿನ ಮೇಲೆ ಎಂದಿನ ವೇಗದಲ್ಲೇ ಓಡುತ್ತಿತ್ತು, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

"ಸುಮ್ನೆ ಯಾಕೆ ನಿಂತಿದೀಯ? ಎಣಿಸು."

"ಏನ್ನ?"

"ಜನಾನ. ಈ ಮೆಟ್ಲು ಹತ್ತೋರ್ನ, ಇಳಿಯೋರ್ನ."

ಸಂಜೀವಯ್ಯ ಅತ್ತಿತ್ತ ನೋಡಿದ. ಆಮೇಲೆ ಫಾರಮ್ಮನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೆರಳಿನ ಗೆಣ್ಣು ಮಡಿಸತೊಡಗಿದ. ಹಾಲಿನ ಬಾಟಲಿ ಹಿಡಿದ ಹೆಂಗಸು ಇಳಿದಳು. ಸೋಡಾ ಕ್ರೇಟು ಹೊತ್ತವನು ಹತ್ತಿದ. ಶಾಲೆಯ ಮಕ್ಕಳು ಬಂದರು. ಮೆಟ್ಟಿಲು ಒರೆಸುವವಳು ಬಕೆಟ್ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಅವಳು ನೀರು ತುಂಬಿಸಿ ಮತ್ತೆ ಹತ್ತಿದಾಗ ಅವನು ಮತ್ತೆ ಒಂದು ಗೆಣ್ಣು ಮಡಿಸಿದ. ತರಕಾರಿ ಅಂಗಡಿಯ ಗಡಿಯಾರದಲ್ಲಿ ಐದಕ್ಕೆ ಹದಿಮೂರು ನಿಮಿಷವಿತ್ತು. ಅವನು ಅದನ್ನು ಒಂದೇ ಸಲ ನೋಡಿದ.

ಪಾರ್ವತಮ್ಮ ಕುಚ್ಚಿನ ತುದಿ ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದಳು.

"ಎಷ್ಟಾಯ್ತು?"

"ನಲವತ್ತೊಂದು."

"ಒರೆಸೋಳು?"

"ಎರಡು ಸಲ. ಎರಡೂ ಹಾಕಿದೀನಿ."

"ಸೋಡಾದೋನು?"

"ಹಾಕಿದೀನಿ. ನಲವತ್ತು ಜನ. ಆಮೇಲೆ ನೀನು."

ಪಾರ್ವತಮ್ಮ ಅವನನ್ನು ನೋಡಿದಳು. "ನಾನು ಯಾವಾಗ ಹತ್ತಿದೆ, ಯಾವಾಗ ಇಳಿದೆ? ಇಲ್ಲಿ ಕೂತಿದೀನಿ."

ಸಂಜೀವಯ್ಯ ಮಡಿಸಿದ ಬೆರಳು ಹಾಗೇ ಹಿಡಿದು ನಿಂತ.

"ನಲವತ್ತು," ಅಂದಳು. "ಸರಿಯಾಗಿ ಎಣಿಸು." ಸೀರೆಯ ಸೆರಗಿಗೆ ಹೆಬ್ಬೆರಳು ಒರೆಸಿಕೊಂಡು ಪ್ಯಾಡಿನ ಮೇಲೆ ಒತ್ತಿದಳು.